ನಲವತ್ತು ವ್ಯಾಟಿನ ಬುಟ್ಟಿ

ರೊಟ್ಟಿ ಹಲ್ಲಿಗೆ ಕರಕರ ಅನ್ನುತ್ತಿದೆ ಎಂದು ಮೊದಲು ಬಾಯಿ ಬಿಟ್ಟವರು ಮನೆಯವರಲ್ಲ, ಖಾನಾವಳಿಯ ಮೌನಪ್ಪ. ಮನೆಯವರಿಗೂ ಗೊತ್ತಿತ್ತು. ಒಂದು ವಾರದಿಂದ ಎಲ್ಲರೂ ಅಗಿಯುತ್ತಾ ಅಗಿಯುತ್ತಾ ನಡುವೆ ತುಸು ನಿಲ್ಲಿಸಿ, ಮತ್ತೆ ಏನೂ ಆಗದವರಂತೆ ಅಗಿದು ನುಂಗುತ್ತಿದ್ದರು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದರಲ್ಲಿ ಆ ಮನೆಯವರದು ಎತ್ತಿದ ಕೈ.

ಮೌನಪ್ಪನ ಖಾನಾವಳಿ ಇದ್ದದ್ದು ರಾಯಚೂರು ಸ್ಟೇಷನ್ನಿನ ಹತ್ತಿರ. ಅಲ್ಲಿಗೆ ದಿನವೂ ಜೋಳದ ರೊಟ್ಟಿ ಹೋಗುತ್ತಿದ್ದದ್ದು ರಾಧಾಳ ಮನೆಯಿಂದ. ಅವಳು ರೊಟ್ಟಿಯ ಗಂಟು ಇಳಿಸುವಾಗ ಮೌನಪ್ಪ ದನಿ ತಗ್ಗಿಸಿ ಹೇಳಿದ.

"ತಂಗಿ, ನಿನ್ನ ರೊಟ್ಟಿ ಬಗ್ಗೆ ಯಾರೂ ಎರಡು ಮಾತಾಡಂಗಿಲ್ಲ. ಹಾಳಿಯಂಗ ತೆಳ್ಳಗ ಇರ್ತಾವ. ಆದ್ರ ಹಿಟ್ಟಿನಾಗ ಕಲ್ಲಿನ ಹಳ್ಳು ಬರಾಕತ್ತೇದ. ನಿನ್ನೆ ಒಬ್ಬರು ತಾಟು ಸರಿಸಿ ಎದ್ದು ಹೋದ್ರು."

"ಇನ್ನ ಮ್ಯಾಲ ನೋಡ್ಕೋತೀನ್ರಿ ಅಣ್ಣಾ."

"ನೋಡ್ಕೊ. ಹಿಂಗ ನಡೆದ್ರ ನಾ ಬ್ಯಾರೆ ಕಡಿ ಹೇಳಬೇಕಾಗ್ತದ. ಸಿಟ್ಟು ಮಾಡ್ಕೋಬ್ಯಾಡ."

ಸಿಟ್ಟು ಮಾಡಿಕೊಳ್ಳುವ ಸ್ಥಿತಿಯಲ್ಲಿ ರಾಧಾ ಇರಲಿಲ್ಲ. ಅವಳ ಗಂಡ ನಿಂಗರಾಜ ಅಕ್ಕಿ ಗಿರಣಿಯೊಂದರಲ್ಲಿ ಲಾರಿ ತೂಗುವ ಕಾಟಾದ ಮೇಲೆ ಕೆಲಸಕ್ಕಿದ್ದ. ಭತ್ತ ಬರುವ ಕಾಲದಲ್ಲಿ ಕೈತುಂಬ ಕೆಲಸ, ಉಳಿದ ಕಾಲದಲ್ಲಿ ಗಿರಣಿಯವರು ಕರೆದರೆ ಉಂಟು. ಮಾವ ಗದ್ದೆಪ್ಪ ದೇವದುರ್ಗದ ಆಚೆಯ ಹಳ್ಳಿಯಲ್ಲಿ ಕುರಿ ಕಾಯುತ್ತ ಅಲ್ಲೇ ಉಳಿದಿದ್ದ, ಆಗಾಗ ಬಂದು ಹೋಗುತ್ತಿದ್ದ. ಹೀಗಾಗಿ ರಾಯಚೂರಿನ ಮನೆ ನಡೆಯುತ್ತಿದ್ದದ್ದು ಖಾನಾವಳಿಯ ರೊಟ್ಟಿಯ ಮೇಲೆ.

ರೊಟ್ಟಿ ಬಡಿಯುವುದು ರಾಧಾ, ಜೋಳ ಹಸನು ಮಾಡುವುದು ಅತ್ತೆ ಜಂಬಮ್ಮ. ಮೊದಲು ಒಲೆಯ ಮುಂದೆ ಕೂರುತ್ತಿದ್ದವಳು ಜಂಬಮ್ಮನೇ. ಎರಡು ವರ್ಷದ ಕೆಳಗೆ ಒಂದು ದಿನ, "ನಿನ್ನ ಕೈ ನನ್ನ ಕೈಗಿಂತ ಚಲೋ ಅದ, ಇನ್ನ ನೀನ ಮಾಡು" ಎಂದು ಎದ್ದುಬಿಟ್ಟಿದ್ದಳು. ಅತ್ತೆಯ ಬಾಯಿಂದ ಬಂದ ಆ ಒಂದು ಹೊಗಳಿಕೆಯನ್ನು ರಾಧಾ ಮಾನ್ವಿಯ ತವರಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದಳೋ. ಅಂದಿನಿಂದ ಜಂಬಮ್ಮನ ಪಾಲಿಗೆ ಉಳಿದದ್ದು ಮೊರ. ಆ ಮೊರವನ್ನು ಅವಳು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಆ ದಿನ ಊಟಕ್ಕೆ ಪುಂಡಿಪಲ್ಯ ಇತ್ತು. ರಾಧಾ ಬಡಿಸುತ್ತಲೇ ವಿಷಯ ಎತ್ತಿದಳು.

"ರೊಟ್ಟ್ಯಾಗ ಹಳ್ಳು ಬರಾಕತ್ತೇದಂತ."

"ಯಾರ ರೊಟ್ಟ್ಯಾಗ?" ಎಂದಳು ಜಂಬಮ್ಮ.

"ನಮ್ಮ ರೊಟ್ಟ್ಯಾಗ್ರಿ ಅತ್ತಿ. ಮೌನಪ್ಪಣ್ಣ ಅಂದ."

"ಗಿರಣಿ ಕಲ್ಲು ಸವದು ಚೂರು ಬಿದ್ದಿರ್ತದ. ಹಿಟ್ಟಿನ ಗಿರಣಿಯವಗ ಹೇಳು."

"ಬ್ಯಾರೆ ಮನಿ ಹಿಟ್ಟಿನಾಗ ಬೀಳಂಗಿಲ್ಲ, ನಮ್ಮ ಹಿಟ್ಟಿನಾಗಷ್ಟ ಬೀಳ್ತದೇನ್ರಿ?"

ಜಂಬಮ್ಮ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಬಿಟ್ಟಳು. "ಹಂಗಾರ ನಾ ಹಸನು ಮಾಡಿದ್ದು ಸರಿ ಇಲ್ಲ ಅಂದಂಗಾತು. ಹಸನು ಹ್ಯಾಂಗ ಆಗಬೇಕು? ಬಿಳೀ ದೀಪ ಹಾಕೀರಿ. ಆ ಬೆಳಕಿನಾಗ ಜೋಳನೂ ಬಿಳಿ, ಹಳ್ಳೂ ಬಿಳಿ. ಮೊದಲಿನ ಹಳದೀ ಬಲ್ಬು ಇದ್ದಾಗ ಒಂದು ಹಳ್ಳು ಬಂದಿತ್ತೇನು ಕೇಳು ನಿನ್ನ ಗಂಡಗ."

ಮಾತು ತನ್ನತ್ತ ಬಂದ ಕೂಡಲೇ ನಿಂಗರಾಜ ಮಜ್ಜಿಗೆ ಕುಡಿದ. ಮಜ್ಜಿಗೆ ಮುಗಿದ ಮೇಲೆ ಹೇಳಿದ, "ಯವ್ವ ಹೇಳೂದರಾಗೂ ಖರೆ ಅದ."

ದೀಪದ ಮಾತು ಸುಳ್ಳೆನ್ನುವಂತಿರಲಿಲ್ಲ. ಮನೆಯ ಮುಂದೆ ದಿನವಿಡೀ ಗಿರಣಿಗೆ ಹೋಗುವ ಲಾರಿಗಳ ಧೂಳು, ಬಾಗಿಲಲ್ಲಿ ಕೂತರೆ ಕಸ ತೆಗೆದ ಜೋಳಕ್ಕೆ ಮತ್ತೆ ಕಸ. ನಡುಮನೆಗೆ ಕಿಟಕಿ ಇರಲಿಲ್ಲ. ಅಲ್ಲಿ ಹಗಲಲ್ಲೂ ದೀಪ ಹಚ್ಚಿಕೊಂಡೇ ಜಂಬಮ್ಮ ಮೊರ ಹಿಡಿಯುತ್ತಿದ್ದಳು. ಅವಳ ನೆತ್ತಿಯ ಮೇಲೆ, ನಿಂತು ಕೈ ಚಾಚಿದರೆ ಬೆರಳಿಗಷ್ಟೇ ತಾಕುವ ಎತ್ತರದಲ್ಲಿ, ಹಸಿರು ಪ್ಲಾಸ್ಟಿಕ್ಕಿನ ಬುಟ್ಟಿಯೊಂದನ್ನು ಬೋರಲು ಹಾಕಿದಂಥ ದೀಪ ತೂಗುತ್ತಿತ್ತು. ಈ ಮನೆಗೆ ಬರುವಾಗ ಮಾನ್ವಿಯಿಂದ ರಾಧಾಳ ಅಣ್ಣ ತಂದುಕೊಟ್ಟದ್ದು. ಒಳಗೆ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಇತ್ತು.

ಮರುದಿನ ನಿಂಗರಾಜ ಅಲ್ತಾಫನ ಕರೆಂಟ್ ಸಾಮಾನಿನ ಅಂಗಡಿಗೆ ಹೋದ.

"ಹಳೇ ನಮೂನಿ ಬಲ್ಬಾ? ಅದನ್ನ ಈಗ ಯಾರು ಒಯ್ತಾರಣ್ಣ?" ಎಂದ ಅಲ್ತಾಫ. "ಕೋಳಿ ಮರಿ ಸಾಕೋರು ಒಯ್ತಾರ, ಶಾಖಕ್ಕ. ನಿನಗ್ಯಾಕ?"

ಅವ್ವನಿಗೆ ಜೋಳ ಕಾಣುವುದಿಲ್ಲ ಎಂದು ಅಂಗಡಿ ತುಂಬ ಜನರ ಮುಂದೆ ಹೇಳಲು ನಿಂಗರಾಜನಿಗೆ ನಾಚಿಕೆಯಾಯಿತು. "ನಮ್ಮಪ್ಪನ ಕುರಿಮರಿಗೆ," ಎಂದುಬಿಟ್ಟ. ಕುರಿಮರಿಗೆ ಎಂದ ಮೇಲೆ ಅಲ್ತಾಫ ಮುಂದೆ ಏನು ಕೇಳಿಯಾನು? ಅರವತ್ತು ವ್ಯಾಟಿನ ಬಲ್ಬನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಬಲ್ಬು ಹಾಕುವಾಗ ಸ್ಟೂಲು ಹಿಡಿದು ನಿಂತಿದ್ದ ರಾಧಾಳಿಗೆ ಬುಟ್ಟಿಯ ಒಳಮೈಗೆ ಅಂಟಿಸಿದ್ದ ಚೀಟಿ ಕಂಡಿತು.

"ಕೇಳ್ರಿ ಇಲ್ಲಿ. ನಲವತ್ತು ವ್ಯಾಟಿಗಿಂತ ಹೆಚ್ಚಿಂದು ಹಾಕಬಾರದು ಅಂತ ಬರದಾರ."

"ಕಂಪನಿಯವರು ಹಂಗ ಬರಿತಾರ. ಲಾರಿ ಮ್ಯಾಲನೂ ಇಷ್ಟ ಟನ್ ಅಂತ ಬರದಿರ್ತಾರ. ನಾ ದಿನಾ ತೂಗ್ತೀನಿ, ಒಂದಾದ್ರೂ ಅಷ್ಟ ಹೇರ್ಕೊಂಡು ಬರ್ತದೇನು? ಅದರಪ್ಪನಷ್ಟು ಹೇರಿರ್ತಾರ. ಲಾರಿ ಮುರದು ಬಿದ್ದಾವೇನು?"

ಕಾಟಾದ ಮೇಲೆ ಕೂತವನ ಲೆಕ್ಕ ಅದು. ಬರೆದದ್ದಕ್ಕಿಂತ ಹೆಚ್ಚು ಹೊರುವುದೇ ಲೋಕದ ನಡಾವಳಿ ಎಂದು ಅವನು ತಿಳಿದಿದ್ದ. ರಾಧಾ ಸ್ಟೂಲು ಬಿಟ್ಟು ಒಳಗೆ ಹೋದಳು.

ಅರವತ್ತು ವ್ಯಾಟಿನ ಬಲ್ಬು ಬಂದ ಮೇಲೆ ಕೆಲವು ದಿನ ರೊಟ್ಟಿ ಸರಿಯಾಗಿ ಬಂತು. ಜಂಬಮ್ಮ ಮುಖ ಅರಳಿಸಿಕೊಂಡು ಓಡಾಡಿದಳು, ಕರೆಯದೆ ಬಂದ ನೆರೆಮನೆಯ ಅಕ್ಬರಿ ಬೇಗಂಗೆ ಚಹಾ ಮಾಡಿಸಿ ಕೊಟ್ಟಳು. ನಿಜ ಹೇಳಬೇಕೆಂದರೆ ಆ ಚೀಲದ ಜೋಳವೇ ಚೊಕ್ಕ ಇತ್ತು. ಮುಂದಿನ ಚೀಲ ಒಡೆದ ಮೇಲೆ ಮತ್ತೆ ಕರಕರ ಶುರುವಾಯಿತು.

"ಬೆಳಕು ಸಾಲದು," ಎಂದಳು ಜಂಬಮ್ಮ.

ನೂರು ವ್ಯಾಟಿನದು ಬಂತು. ಅದು ಬಂದ ಮೇಲೆ ನಡುಮನೆಯಲ್ಲಿ ಒಂದು ವಾಸನೆಯೂ ಬಂತು, ಪ್ಲಾಸ್ಟಿಕ್ ಚೀಲವನ್ನು ಒಲೆಯ ಪಕ್ಕ ಮರೆತಂಥ ವಾಸನೆ.

"ಅತ್ತಿ, ಬುಟ್ಟಿ ಕಾಯಾಕತ್ತೇದ. ಸ್ವಲ್ಪ ಹೊತ್ತು ಆರಸ್ರಿ."

"ಓಣ್ಯಾಗ ಯಾರೋ ಕಸ ಸುಡಾಕತ್ತಾರ."

"ಇಲ್ಲೇ ಬರಾಕತ್ತೇದ್ರಿ ವಾಸನಿ. ಮುಟ್ಟಿ ನೋಡ್ರಿ ಬೇಕಾರ."

"ನಿನಗ ತವರಿನ ಬುಟ್ಟಿ ದೊಡ್ಡದಾತು. ಸುಟ್ರ ಸುಡ್ತದ. ನಿಮ್ಮಣ್ಣಗ ಹೇಳಿ ಇನ್ನೊಂದು ತರಿಸ್ತೀನಿ ತಗೋ."

ಅತ್ತೆ ಮಲಗಿದ್ದ ಮಧ್ಯಾಹ್ನ ರಾಧಾ ನೂರರ ಬಲ್ಬು ತೆಗೆದು ಹಳೆಯ ಎಲ್‌ಇಡಿ ಹಾಕಿದಳು. ಸಂಜೆ ನಿಂಗರಾಜ ಬಂದಾಗ ಜಂಬಮ್ಮ ಅವನಿಂದ ನೂರರದ್ದನ್ನೇ ಹಾಕಿಸಿದಳು. ಮರುದಿನ ರಾಧಾ ಮತ್ತೆ ತೆಗೆದಳು. ಹೀಗೆ ಅತ್ತೆ ಸೊಸೆ ಒಬ್ಬರಿಗೊಬ್ಬರು ಮಾತಾಡದೆ ಬಲ್ಬು ಬದಲಿಸುತ್ತ ಉಳಿದರು. ನಡುವೆ ಸಿಕ್ಕ ನಿಂಗರಾಜನಿಗೆ ಸ್ಟೂಲು ಹತ್ತಿ ಇಳಿದು ಸಾಕಾಯಿತು. "ನೀವಿಬ್ಬರೂ ಒಂದ ಮಾತಿಗೆ ಬರ್ರಿ, ಇಲ್ಲಂದ್ರ ಕತ್ತಲಾಗ ಕೂಡ್ರಿ," ಎಂದು ಅಂಗಿ ಹಾಕಿಕೊಂಡು ಹೊರಗೆ ಹೋದ.

ದೊಡ್ಡ ಜಗಳ ಆದದ್ದು ಮಾತ್ರ ಬಲ್ಬಿಗಲ್ಲ, ಮೊರಕ್ಕೆ. ಅತ್ತೆ ಹಸನು ಮಾಡಿಟ್ಟ ಜೋಳವನ್ನು ರಾಧಾ ಬಚ್ಚಲ ಬಾಗಿಲ ಬೆಳಕಿನಲ್ಲಿ ಕೂತು ಇನ್ನೊಮ್ಮೆ ಕೇರುತ್ತಿದ್ದಳು. ಮೊರದ ಸಪ್ಪಳ ಕೇಳಿ ಜಂಬಮ್ಮ ಎದ್ದು ಬಂದಳು.

"ನಾ ಹಸನು ಮಾಡಿದ್ದನ್ನ ಮತ್ತ ಮೊರಕ್ಕ ಹಾಕೀಯೇನು?"

"ಸುಮ್ನ ಒಂದು ಸಲ ನೋಡಾಕತ್ತಿದ್ದೆರಿ."

"ಸುಮ್ನ ಯಾರೂ ನೋಡಂಗಿಲ್ಲ. ನನ್ನ ಕೆಲಸ ಎಂಜಲಾತೇನು ನಿನಗ? ಒಲಿ ನಿನ್ನ ಕೈಗೆ ಕೊಟ್ಟೆ. ಈಗ ಮೊರನೂ ಕೊಟ್ಟು ನಾ ಏನ್ ಮಾಡ್ಲಿ, ಗ್ವಾಡಿ ನೋಡ್ಕೋತ ಕೂಡ್ಲೇನು?"

"ಖಾನಾವಳಿ ಕೆಲಸ ಹೋದ್ರ ಎಲ್ಲರೂ ಗ್ವಾಡಿ ನೋಡಬೇಕಾಗ್ತದ್ರಿ."

ರಾಧಾ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಜಂಬಮ್ಮ ಮೊರ ಕಸಿದುಕೊಂಡು ನಡುಮನೆಗೆ ಹೋದಳು. ಅವತ್ತಿನ ಊಟವನ್ನು ಮೂವರೂ ಮೂರು ಮೂಲೆಯಲ್ಲಿ ಉಂಡರು.

ಆ ವಾರವೇ ಗದ್ದೆಪ್ಪ ದೇವದುರ್ಗದ ಬಸ್ಸಿನಲ್ಲಿ ಬಂದಿಳಿದ. ಹೆಗಲಿಗೆ ಕಂಬಳಿ, ಕೈಯಲ್ಲಿ ಒಂದು ಚೀಲ. ಹೆಂಡತಿ ಚಹಾ ಮುಗಿಯುವ ಮೊದಲೇ ಎಲ್ಲವನ್ನೂ ಉಪ್ಪು ಖಾರ ಹಚ್ಚಿ ಹೇಳಿದಳು. ಅವನು ಮೀಸೆ ಒರೆಸಿಕೊಂಡು ನಕ್ಕ.

"ಇಷ್ಟಕ್ಕ ಮನಿಯೊಳಗ ಮಾತು ಬಿಟ್ಟೀರೇನು? ನಾ ಮರೀ ದೊಡ್ಡಿಗೆ ಅಂತ ದೇವದುರ್ಗದಾಗ ಎರಡು ಬಲ್ಬು ತಗೊಂಡೀನಿ. ಇನ್ನೂರರದ್ದು. ಒಂದು ನಿನಗ ಇರಲಿ ತಗೋ. ಸೂರ್ಯ ಇದ್ದಂಗ ಇರ್ತದ."

"ಮಾವ, ಬುಟ್ಟ್ಯಾಗ ನಲವತ್ತು ಅಂತ ಬರದಾರ್ರಿ," ಎಂದಳು ರಾಧಾ.

"ಬುಟ್ಟಿಗೇನು ಗೊತ್ತವ್ವ? ಇಂಥಾ ಬಲ್ಬಿನ ಕೆಳಗ ಮಾಗಿ ಚಳ್ಯಾಗ ನನ್ನ ಮರಿ ಬದುಕ್ಯಾವ. ಜೀವ ಉಳಿಸೋ ದೀಪ ಇದು."

ಗದ್ದೆಪ್ಪ ತಾನೇ ಸ್ಟೂಲು ಹತ್ತಿ ಹಾಕಿದ. ಮನೆ ಬೆಳಗಿತು. ಚಳಿಗಾಲವಾದ್ದರಿಂದ ನೆತ್ತಿಗೆ ಶಾಖ ತಗುಲಿದ್ದು ಜಂಬಮ್ಮನಿಗೆ ಹಿತವೇ ಆಯಿತು. "ಈಗ ನೋಡು, ಹೆಂಗ ಬೆಚ್ಚಗ ಅದ," ಎಂದಳು. ಹೇಗೆ ಕಾಣುತ್ತದೆ ಎಂದು ಅವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಮಾನ್ವಿಯಲ್ಲಿ ಅಣ್ಣನ ಮಗುವಿಗೆ ಹೆಸರಿಡುವ ಕಾರ್ಯವಿತ್ತು. ರಾಧಾ ಖಾನಾವಳಿಗೆ ಆಗುವಷ್ಟು ಖಡಕ್ ರೊಟ್ಟಿ ಬಡಿದಿಟ್ಟು, ನಿಂಗರಾಜನಿಗೆ ಒಪ್ಪಿಸಿ ಹೋದಳು. ಹೋಗುವಾಗಲೂ ಅತ್ತೆಗೆ ಹೋಗಿ ಬರುತ್ತೇನೆಂದು ಹೇಳಲಿಲ್ಲ. ಅಷ್ಟು ಸಿಟ್ಟಿತ್ತು.

ಎರಡನೆಯ ದಿನ ಮಧ್ಯಾಹ್ನ ತಿರುಗಿ ಬಂದಾಗ ಓಣಿಗೇ ವಾಸನೆ ಹೊಡೆಯುತ್ತಿತ್ತು. ಚಪ್ಪಲಿ ಬಿಡದೆ ಒಳಗೆ ಓಡಿದಳು. ನಡುಮನೆಯಲ್ಲಿ ಜಂಬಮ್ಮ ಕಾಲು ಚಾಚಿ ಕೂತು ಮೊರ ಆಡಿಸುತ್ತಿದ್ದಳು. ಅವಳ ನೆತ್ತಿಯ ಮೇಲೆ ಬುಟ್ಟಿಯ ಒಂದು ಮಗ್ಗುಲು ಕರಗಿ ಇಳಿಬಿದ್ದಿತ್ತು. ಹಸಿರು ಎಲ್ಲೂ ಉಳಿದಿರಲಿಲ್ಲ, ಉಳಿದದ್ದೆಲ್ಲ ಕಂದು ಮತ್ತು ಕಪ್ಪು. ವೈರಿನ ಮೈ ಸುಲಿದು ಒಳಗಿನ ತಂತಿ ಕಾಣುತ್ತಿತ್ತು. ಕರಗಿದ ಪ್ಲಾಸ್ಟಿಕ್ಕಿನ ಎರಡು ಹನಿ ಮೊರದ ಜೋಳದಲ್ಲೇ ಬಿದ್ದು ಗಟ್ಟಿಯಾಗಿದ್ದವು. ಜಂಬಮ್ಮ ಜೋಳದ ಜೊತೆ ಅವುಗಳನ್ನೂ ಕೇರುತ್ತಿದ್ದಳು.

ರಾಧಾ ಮೊದಲು ಸ್ವಿಚ್ಚು ಆರಿಸಿದಳು. ಆಮೇಲೆ ಅತ್ತೆಯನ್ನು ರಟ್ಟೆ ಹಿಡಿದು ಎಬ್ಬಿಸಿ ಬಾಗಿಲಿಗೆ ಕರೆತಂದಳು. ಜಗಳ ಮಾಡಲೆಂದು ಬಾಯಿ ತೆರೆದವಳಿಗೆ ಏನೋ ಹೊಳೆದು ಮಾತು ಬೇರೆಯೇ ಬಂತು.

"ಅತ್ತಿ, ಬುಟ್ಟಿ ಈಗ ಯಾವ ಬಣ್ಣದ್ದು ಅದ ಹೇಳ್ರಿ."

"ಅದೇನು ಕೇಳೂದು? ಹಸಿರು. ನಿಮ್ಮಣ್ಣ ತಂದಿದ್ದು."

"ಇದು ಎಷ್ಟು ಬೆರಳ್ರಿ?"

ಜಂಬಮ್ಮ ಸೊಸೆಯ ಕೈ ಇದ್ದ ಕಡೆ ಮುಖ ತಿರುಗಿಸಿದಳು. ಕೆಳಗೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು.

"ಯಾವಾಗಿಂದ್ರಿ?" ಎಂದಳು ರಾಧಾ.

"ನೀ ಒಲಿ ಮುಂದ ಕುಂತಾಗಿಂದ."

"ನನ್ನ ಕೈ ಚಲೋ ಅದ ಅಂದಿದ್ರಿ."

"ಹಂಚಿನ ಮ್ಯಾಲ ರೊಟ್ಟಿ ಕಾಣಲಿಲ್ಲ. ಎರಡು ಸಲ ಬೆಂಕ್ಯಾಗ ಕೈ ಇಟ್ಟೆ. ಮತ್ತೇನಂತ ಹೇಳಬೇಕಿತ್ತು? ಜೋಳ ಆದ್ರ ಬೆರಳಿಗೆ ತಿಳೀತದ ಅಂದ್ಕೊಂಡೆ. ದೊಡ್ಡ ಹಳ್ಳು ತಿಳೀತದ, ಸಣ್ಣದು ತಿಳೀವಲ್ದು. ಕಣ್ಣು ಹೋಗ್ಯಾವ ಅಂದ್ರ ನೀ ಮೊರ ಕಸ್ಗೊಂಡು ಮೂಲ್ಯಾಗ ಕೂಡಸ್ತಿದ್ದಿ."

ಎರಡು ವರ್ಷದಿಂದ ತವರಿನಲ್ಲಿ ಹೇಳಿಕೊಂಡು ಬಂದ ಹೊಗಳಿಕೆ ಹೀಗೆ ಹೋಯಿತು. ರಾಧಾಳಿಗೆ ಕೆಡುಕೆನಿಸಿತು, ಯಾವುದಕ್ಕೆ ಎಂದು ಬಿಡಿಸಿ ನೋಡುವಷ್ಟು ವ್ಯವಧಾನ ಇರಲಿಲ್ಲ. ಅತ್ತೆಗೆ ಒಂದು ತಂಬಿಗೆ ನೀರು ತಂದುಕೊಟ್ಟಳು.

ಅಕ್ಬರಿ ಬೇಗಂ ಜೊತೆ ಹರಟೆಗೆ ನಿಂತಿದ್ದ ಗದ್ದೆಪ್ಪ ಒಳಗೆ ಬಂದು ಕರಗಿದ ಬುಟ್ಟಿಯ ಕೆಳಗೆ ಹೋಗಿ ನಿಂತ. ಹೆಂಡತಿ ನಡುಮನೆಯಲ್ಲಿ, ತಾನು ನೆರೆಮನೆಯ ಕಟ್ಟೆಯಲ್ಲಿ. ವಾಸನೆ ಬಂದರೂ ಗಿರಣಿಯದು ಎಂದುಕೊಂಡಿದ್ದ.

"ದೊಡ್ಡ್ಯಾಗ ಈ ಬಲ್ಬಿಗೆ ತಗಡಿನ ಡಬ್ಬಿ ಹಾಕ್ತೀನಿ," ಎಂದ. "ಮೊಳದಷ್ಟು ದೂರ ಹುಲ್ಲು ಸರಿಸ್ತೀನಿ. ಹತ್ರ ಇದ್ರ ಹೊತ್ತತದ ಅಂತ ನನಗ ಗೊತ್ತು. ಮರಿಗೆ ಅಷ್ಟು ಕಾಳಜಿ ಮಾಡ್ತೀನಿ. ಇಲ್ಲಿ ನನ್ನ ಕೈಯಾರ ಪ್ಲಾಸ್ಟಿಕ್ ಬುಟ್ಟ್ಯಾಗ ಇಟ್ಟು ಇಕೀ ತಲಿ ಮ್ಯಾಲ ಕಟ್ಟೀನಿ."

ಶಾಖಕ್ಕೆಂದೇ ಕೊಂಡ ಬಲ್ಬನ್ನು ಬೆಳಕಿಗೆಂದು ಹಾಕುವಾಗ ಶಾಖ ಅವನ ನೆನಪಿಗೆ ಬಂದಿರಲಿಲ್ಲ. ಅಷ್ಟೇ ಆದದ್ದು. ಸಂಜೆ ಬಂದ ನಿಂಗರಾಜ ಲಾರಿಯ ಮಾತು ಎತ್ತಲಿಲ್ಲ. ಅಲ್ತಾಫನನ್ನು ಕರೆತಂದು ಸುಟ್ಟ ವೈರು, ಹೋಲ್ಡರು ಎರಡನ್ನೂ ಬದಲಿಸಿದ.

"ಇದಕ್ಕ ಏನು ಹಾಕಬೇಕು ಅಲ್ತಾಫಣ್ಣ?" ಎಂದು ಈ ಸಲ ಕೇಳಿದವಳು ರಾಧಾ.

"ಎಲ್‌ಇಡಿದಾಗನ ಹಳದೀ ಬೆಳಕಿಂದು ಬರ್ತದಕ್ಕ. ಹನ್ನೆರಡು ವ್ಯಾಟಿಂದು ಹಾಕಿದ್ರ ಹಳೇ ಬಲ್ಬಿನ ಎಪ್ಪತ್ತೈದರಷ್ಟು ಬೆಳಕು ಬರ್ತದ. ಕಾಯೂದು ಕಡಿಮಿ. ಇನ್ನೊಂದು ಬುಟ್ಟಿ ಹಾಕಿದ್ರೂ ಅದರ ಮ್ಯಾಲ ಬರದದ್ದನ್ನ ದಾಟಬ್ಯಾಡ್ರಿ. ಅಲ್ಲಣ್ಣ, ಕುರಿಮರಿಗೆ ಅಂದಿದ್ದಿ ನನಗ?"

ನಿಂಗರಾಜ ಸ್ಟೂಲು ಎತ್ತಿಕೊಂಡು ಒಳಗೆ ಹೋದ.

ಮೌನಪ್ಪನ ಹತ್ತಿರ ರಾಧಾ ಅತ್ತೆಯ ಕಣ್ಣಿನ ಮಾತು ಎತ್ತಲಿಲ್ಲ. ಜೋಳ ಸರಿಯಾಗಿ ನೋಡಿಕೊಂಡಿರಲಿಲ್ಲ, ಇನ್ನು ಮೇಲೆ ತಾನೇ ನೋಡುತ್ತೇನೆ, ಒಂದು ವಾರ ತಾಳಿಕೊಳ್ಳಿ ಎಂದಳು. ಅವನು ಗೊಣಗಿಕೊಂಡೇ ಒಪ್ಪಿದ. ಹೊಸ ದೀಪದ ಕೆಳಗೆ ಅವಳೇ ಕೂತು ಕೇರಿದಳು. ವಾರ ಕಳೆಯುವಷ್ಟರಲ್ಲಿ ರೊಟ್ಟಿಯ ದೂರು ನಿಂತಿತು.

ಜಂಬಮ್ಮ ಮಾತ್ರ ದವಾಖಾನೆ ಎಂದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಆಪರೇಷನ್ ಆದರೆ ತಿಂಗಳುಗಟ್ಟಲೆ ಹೊಗೆ ಧೂಳು ತಗುಲಬಾರದಂತೆ, ಅಷ್ಟರಲ್ಲಿ ನೀವೆಲ್ಲ ನನ್ನ ಬಿಟ್ಟು ನಡೆಸುವುದು ಕಲಿತುಬಿಡುತ್ತೀರಿ ಎಂಬುದು ಅವಳ ತಕರಾರು. ಗದ್ದೆಪ್ಪ ಊರಿಗೆ ಹೋಗುವುದನ್ನು ಮುಂದೂಡಿ ಕಂಬಳಿ ಹಾಸಿ ಕೂತುಬಿಟ್ಟ.

"ನೀ ಹೋಗೂತನಕ ನಾ ಹೋಗಂಗಿಲ್ಲ. ಕುರಿ ಕಳ್ಳರ ಪಾಲಾದ್ರ ನಿನ್ನ ಹೆಸರು ಹೇಳ್ತೀನಿ."

"ಮೊರ ನಿಮ್ಮದ ಇರ್ತದ್ರಿ ಅತ್ತಿ," ಎಂದಳು ರಾಧಾ. "ನೀವು ಬರೂತನಕ ನಾ ಹಿಡಿತೀನಿ, ಅಷ್ಟ."

ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಸರಕಾರಿ ದವಾಖಾನೆಯ ಡಾಕ್ಟರು ಹೇಳಿದರು. ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡ ಹೆಂಡತಿಯನ್ನು ಆಟೋದಿಂದ ಇಳಿಸಿದ ಗದ್ದೆಪ್ಪ, "ಪೊಲೀಸ್ ಸಾಹೇಬರು ಬಂದಂಗ ಬಂದಿ ನೋಡು," ಎಂದು ಚೇಷ್ಟೆ ಮಾಡಿ, ಮರುದಿನ ದೇವದುರ್ಗದ ಬಸ್ಸು ಹತ್ತಿದ.

ಅವನು ಹೋದ ಬೆಳಿಗ್ಗೆ ರಾಧಾ ರೊಟ್ಟಿ ಬಡಿಯುತ್ತಿದ್ದಳು. ಜಂಬಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಒಲಿ ಹತ್ರ ಬರಬಾರದು ಅಂದಾರ್ರಿ ಡಾಕ್ಟ್ರು."

"ಬರಂಗಿಲ್ಲ. ಇಲ್ಲೇ ನಿಂತಿರ್ತೀನಿ."

ಅವಳು ಒಂದೊಂದನ್ನೇ ನೋಡಿದಳು. ಹಿಟ್ಟು, ನಾದುವ ಕೊಣಮಿಗೆ, ಹಂಚು, ಸೊಸೆ. ಸೊಸೆಯ ಕೈಯ ಮೇಲೆ ಕಣ್ಣು ನೆಟ್ಟು ಕೇಳಿದಳು.

"ಆ ಕೈಗೇನಾಗೇದ?"

"ಯಾವ ಕೈಗ್ರಿ?"

"ಬಲಗೈಗೆ. ಮಣಿಕಟ್ಟಿನಿಂದ ಮ್ಯಾಲತನಕ ತೊಗಲು ಸುಕ್ಕಾಗೇದಲ್ಲ."

"ಸುಟ್ಟಿದ್ರಿ. ಹೋದ ವರ್ಷದ್ದು. ಹಂಚು ಜಾರಿ ಕೈ ಮ್ಯಾಲ ಬಿತ್ತು."

"ನಾ ಎಲ್ಲಿಗೆ ಹೋಗಿದ್ದೆ?"

"ಮನ್ಯಾಗ ಇದ್ರಿ. ಅರಿವಿ ಸುತ್ಕೊಂಡು ಕೆಲಸ ಮಾಡಿದೆ. ದಿನಾ ನಿಮ್ಮ ಎದುರಿಗೆ ಕುಂತು ಮುಲಾಮು ಹಚ್ಕೋತಿದ್ದೆ."

"ನನಗ್ಯಾಕ ಹೇಳಲಿಲ್ಲ?"

ರಾಧಾಳ ಕೈ ಹಿಟ್ಟಿನ ಮೇಲೆ ನಿಂತಿತು. "ನೋಡಾಕತ್ತೀರಿ ಅಂದ್ಕೊಂಡಿದ್ದೆರಿ. ನೋಡಿ ನೋಡಿ ಒಂದು ಮಾತೂ ಕೇಳಂಗಿಲ್ಲಲ್ಲ ಅಂತ ವರ್ಷದಿಂದ ನಿಮ್ಮ ಮ್ಯಾಲ ಸಿಟ್ಟಿತ್ತು."

ಜಂಬಮ್ಮ ಡಾಕ್ಟರ ಮಾತು ಮೀರಿ ಒಳಗೆ ಬಂದಳು. ಹಿಟ್ಟು ಮೆತ್ತಿದ ಆ ಕೈಯನ್ನು ಹಿಡಿದು ತುಸು ದೂರಕ್ಕೆ ಸರಿಸಿ, ಕಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಈಗ ಕೇಳಾಕತ್ತೀನಿ," ಎಂದಳು. "ಭಾಳ ಉರೀತೇನವ್ವ?"

"ಉರೀತ್ರಿ," ಎಂದಳು ರಾಧಾ. ವರ್ಷದ ಹಿಂದಿನ ಉರಿಗೆ ಅವಳ ಕಣ್ಣಲ್ಲಿ ಈಗ ನೀರು ಬಂತು. ಹಂಚಿನ ಮೇಲಿದ್ದ ರೊಟ್ಟಿಯನ್ನು ಇಬ್ಬರೂ ತಿರುವಿ ಹಾಕಲಿಲ್ಲ.